ಬಿಸಿನೀರಿನ ಹಕ್ಕು

ಕಂಡಕ್ಟರ್ ಮಾವನ ಬಲಮಂಡಿ ಅವರ ಮಾತು ಕೇಳುವುದನ್ನು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಮೂವತ್ತು ವರ್ಷ ಓಡುವ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿದ ಕಾಲು ಅದು. ನಿವೃತ್ತಿಯಾದ ಮೇಲೆ ಯಾವ ಎಣ್ಣೆಗೂ ಬಗ್ಗಲಿಲ್ಲ, ಯಾವ ಮಾತ್ರೆಗೂ ಜಗ್ಗಲಿಲ್ಲ. ಬಗ್ಗಿದ್ದು ಒಂದಕ್ಕೇ: ಕಡಲದಂಡೆಯ ಗ್ಯಾಸ್ ವಿದ್ಯುತ್ ಸ್ಥಾವರ ತನ್ನ ಯಂತ್ರವನ್ನು ತಣಿಸಿ ಕಾಲುವೆಯಲ್ಲಿ ಸಮುದ್ರಕ್ಕೆ ಬಿಡುತ್ತಿದ್ದ ಬಿಸಿನೀರಿಗೆ. ದಿನಾ ಬೆಳಿಗ್ಗೆ ಆ ಕಾಲುವೆಯ ಬಾಯಲ್ಲಿ ಒಂದು ಗಂಟೆ ಕಾಲು ಇಳಿಬಿಟ್ಟು ಕೂತರೆ ಮಂಡಿ ಹಾಲು ಕುಡಿದ ಮಗುವಿನಂತೆ ತೆಪ್ಪಗಾಗುತ್ತಿತ್ತು.

ಅಂದು ಚಪ್ಪಲಿ ಕಳಚಲು ಸ್ಥಾವರದ ಗೋಡೆಗೆ ಕೈ ಊರಿದಾಗ ಅಂಗೈಗೆ ಒಂದು ಕಾಗದ ಅಂಟಿಕೊಂಡಿತು. ತಿಂಗಳಿನಿಂದ ಅಲ್ಲೇ ಇದ್ದ ಸರ್ಕಾರಿ ನೋಟೀಸು. ಸದ್ದು ಮಾಡುವ ಹಳೆಯ ಯಂತ್ರ ತೆಗೆದು ಹೊಸದನ್ನು ಕೂರಿಸಲು ಸ್ಥಾವರದವರು ಅನುಮತಿ ಕೇಳಿದ್ದರು. ಹೊಸದು ಗಾಳಿಯಲ್ಲೇ ತಣಿಯುವುದರಿಂದ ಬಿಸಿನೀರು ಬಿಡುವುದು ನಿಲ್ಲುತ್ತದೆ. ಆಕ್ಷೇಪ ಇದ್ದವರು ಅದೇ ದಿನ ಹನ್ನೊಂದು ಗಂಟೆಗೆ ಸಮುದಾಯ ಭವನಕ್ಕೆ ಬಂದು ಹೇಳಬಹುದು.

ಮಾವ ನೆಟ್ಟಗೆ ಮನೆಗೆ ಬಂದರು. “ನಾನು ಆಕ್ಷೇಪಿಸ್ತೀನಿ.”

ಅತ್ತೆ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. “ಮೂವತ್ತು ವರ್ಷ ಡಿಪೋ ಮ್ಯಾನೇಜರಿಗೆ ತಲೆ ಬಗ್ಗಿಸಿದೋರು, ಈಗ ಸರ್ಕಾರಕ್ಕೆ ಮಂಡಿ ಊರಲ್ಲ ಅಂತೀರಾ?”

“ಊರೋಕೆ ಆದ್ರೆ ತಾನೆ.”

ಪಕ್ಕದ ಮನೆಯ ಹೆಡ್ಮಿಸ್ಸು ಕಿಟಕಿಯಿಂದಲೇ ಕೇಳಿಸಿಕೊಂಡು ಪೆನ್ನು ಹಿಡಿದು ಬಂದರು. ಅವರದು ಹಿಮ್ಮಡಿ ನೋವು, ಮದ್ದು ಅದೇ ಕಾಲುವೆ. “ಕಾಲುನೋವು ಅಂತ ಬರೆದ್ರೆ ಕಸದಬುಟ್ಟಿಗೆ ಹೋಗುತ್ತೆ. ಒಬ್ಬರು ಹೇಳಿದ್ರೆ ಗೊಣಗಾಟ, ಹನ್ನೆರಡು ಜನ ಹೇಳಿದ್ರೆ ಸಾರ್ವಜನಿಕ ಹಿತಾಸಕ್ತಿ. ಜನ ಸೇರಿಸಿ.”

ಎದುರುಮನೆಯ ದರ್ಜಿ ಮಾತ್ರ ಒಪ್ಪಲಿಲ್ಲ. “ಹೊಸ ಯಂತ್ರ ಬರ್ಲಿ ಬಿಡಿ ಮಾವ. ಹಳೇದರ ಗುಡುಗಿಗೆ ಗೋಡೆ ಅದುರಿ ನನ್ನ ಹೊಲಿಗೆಯೆಲ್ಲ ಸೊಟ್ಟ.”

“ನಿನ್ನ ಹೊಲಿಗೆಗೆ ಸ್ಥಾವರನ ಯಾಕಪ್ಪ ಬೈತೀಯ? ಪಾಪ, ಅದು ಆಮೇಲೆ ಬಂದಿದ್ದು.”

ದರ್ಜಿ ಮುನಿಸಿಕೊಂಡ. ಆದರೂ ತಮಾಷೆ ನೋಡಲು ಹಿಂದೆಯೇ ಹೊರಟ. ಹನ್ನೊಂದಕ್ಕೆ ಸೊಂಟ, ಹಿಮ್ಮಡಿ, ಬೆನ್ನು ಹಿಡಿದುಕೊಂಡ ಹನ್ನೊಂದು ಜನರನ್ನು ಕಟ್ಟಿಕೊಂಡು ಮಾವ ಭವನ ಹೊಕ್ಕರು. “ಒಳಗೆ ಹೋಗಿ, ಒಳಗೆ ಹೋಗಿ, ಮಧ್ಯ ಖಾಲಿ ಇದೆ,” ಎಂದು ಅವರೇ ಎಲ್ಲರನ್ನೂ ಕೂರಿಸಿದರು.

ವೇದಿಕೆಯ ಮೇಲೆ ಕನ್ನಡಕದ ಅಧಿಕಾರಿಣಿ ಕೂತಿದ್ದರು. ಸ್ಥಾವರದ ಇಂಜಿನಿಯರು ಬಿಸಿನೀರಿನಿಂದ ಮೀನುಗಳಿಗೆ ಆಗುವ ತೊಂದರೆಯನ್ನು ಪರದೆಯ ಮೇಲೆ ತೋರಿಸಿದ. ಮಾವ ಎದ್ದರು.

“ಮೀನಿನ ಬಗ್ಗೆ ನಲವತ್ತು ಪುಟ ಬರೆದಿದೀರಿ. ನನ್ನ ಮಂಡಿ ಯಾವ ಪುಟದಲ್ಲಿದೆ?”

ಇಂಜಿನಿಯರು ಪುಟ ತಿರುವಿದ. ಮಂಡಿ ಸಿಗಲಿಲ್ಲ. “ಒಬ್ಬರಿಗೆ ಮೂರೇ ನಿಮಿಷ. ಮುಗೀತು, ಕೂತ್ಕೊಳ್ಳಿ,” ಎಂದು ಗುಮಾಸ್ತ ಮೈಕು ಕಿತ್ತುಕೊಂಡ. ಕಿಕ್ಕಿರಿದ ಬಸ್ಸಿನ ಹಿಂಬಾಗಿಲಿಂದ ಡ್ರೈವರನ ಕಿವಿ ಮುಟ್ಟುತ್ತಿದ್ದ ಗಂಟಲಿಗೆ ಮೈಕು ಯಾಕೆ? “ಮೂವತ್ತು ವರ್ಷ ನಿಂತವನು ನಾನು. ಕೂತ್ಕೋ ಅಂತ ಹೇಳೋಕೆ ನೀವು ಯಾರು?” ಎಂದರು ಮಾವ. ಭವನ ಚಪ್ಪಾಳೆ ತಟ್ಟಿತು.

ಅಧಿಕಾರಿಣಿ ಪೆನ್ಸಿಲ್ ಎತ್ತಿಕೊಂಡರು. “ನೀವು ನಿಜವಾಗ್ಲೂ ಆ ನೀರಿಗೆ ಇಳೀತೀರಾ?”

“ದಿನಾ. ಒಂದು ಗಂಟೆ.”

“ಇನ್ಯಾರಾದ್ರೂ ಇಳೀತಾರಾ?”

“ಕೈ ಎತ್ರಪ್ಪ,” ಎಂದು ಮಾವ ತಿರುಗಿ ಬೆರಳಲ್ಲಿ ತಲೆ ಎಣಿಸಿದರು. “ನನ್ನನ್ನೂ ಸೇರಿಸಿ ಹನ್ನೆರಡು. ಬರ್ಕೊಳ್ಳಿ.”

ಅಧಿಕಾರಿಣಿ ಬರೆದುಕೊಂಡರು. ಹೆಸರು, ವಿಳಾಸ, ಯಾವ ಕಾಲು, ಎಲ್ಲವನ್ನೂ.

ಮೂರು ಗಂಟೆಗೆ ಆದೇಶ ಓದಿದರು. ಕಾಲುವೆಯನ್ನು ಯಾರೂ ಬಳಸುವುದಿಲ್ಲ ಎಂದು ಸ್ಥಾವರದವರು ವರದಿಯಲ್ಲಿ ಬರೆದಿರುವುದು ಸುಳ್ಳು. ಆದ್ದರಿಂದ ಅನುಮತಿ ಇಲ್ಲ. ಹೊಸದಾಗಿ ಸಮೀಕ್ಷೆ ಮಾಡಿ ಎರಡು ವರ್ಷದ ನಂತರ ಬರಬೇಕು. ಅಲ್ಲಿಯವರೆಗೆ ಹಳೆಯ ಯಂತ್ರವೇ ಓಡಲಿ.

ಬೆನ್ನುನೋವಿನವರೂ ಎದ್ದು ಕುಣಿದರು. ಯಾರೋ ಮಾವನನ್ನು ಹೆಗಲಿಗೇರಿಸಲು ಬಂದರು. ಹೆಡ್ಮಿಸ್ಸು “ಸದ್ದು” ಎಂದು ಗದರಿದರು. ಅಧಿಕಾರಿಣಿ ಎರಡನೇ ಹಾಳೆ ತಿರುವುತ್ತಿದ್ದರು.

“ಅಪಾಯಕಾರಿ ಬಿಸಿನೀರಿಗೆ ಸಾರ್ವಜನಿಕರು ಇಳಿಯುತ್ತಿರುವುದು ಅವರ ಬಾಯಿಂದಲೇ ತಿಳಿದುಬಂದಿದೆ. ಇಂದು ಸಂಜೆಯೊಳಗೆ ಕಾಲುವೆಗೆ ಎಂಟಡಿ ಬೇಲಿ ಹಾಕಿ ಕಾವಲಿಗೆ ಜನ ಇಡತಕ್ಕದ್ದು. ಈ ಹನ್ನೆರಡು ಮಂದಿಯ ಹೆಸರಿನ ಪಟ್ಟಿ ಕಾವಲುಗಾರನ ಬಳಿ ಇರತಕ್ಕದ್ದು.”

ಸೊಂಟಗಳು ಒಂದೊಂದಾಗಿ ಕುರ್ಚಿಗೆ ಮರಳಿದವು. ದರ್ಜಿ ಮಾತ್ರ ನಿಧಾನವಾಗಿ ಲೆಕ್ಕ ಹಾಕಿದ. “ಅಂದ್ರೆ ಇನ್ನೆರಡು ವರ್ಷ ಗುಡುಗು ನಮಗೆ, ಬಿಸಿನೀರು ಮೀನಿಗೆ.”

ಅನುಮತಿ ಕೇಳಲು ವರ್ಷಗಟ್ಟಲೆ ತೆಗೆದುಕೊಂಡಿದ್ದ ಸ್ಥಾವರದವರು ಬೇಲಿಯನ್ನು ಎರಡೇ ಗಂಟೆಯಲ್ಲಿ ನಿಲ್ಲಿಸಿದರು. ಸಂಜೆ ಮಾವ ಮನೆಯಿಂದ ಕುರ್ಚಿ ತಂದು ಅದರ ಮುಂದೆಯೇ ಹಾಕಿಕೊಂಡು ಕೂತರು. ಕಾವಲುಗಾರ ಪಟ್ಟಿ ನೋಡಿದ. ಮೊದಲ ಹೆಸರೇ ಅವರದು.

“ಇಲ್ಲಿ ಕೂರೋ ಹಾಗಿಲ್ಲ, ಯಜಮಾನ್ರೆ.”

“ಬೇಲಿ ಒಳಗೆ ನಿಮ್ಮದು. ಹೊರಗೆ ನಂದು. ಈ ಬೇಲಿ ಮೇಲೂ ಆಕ್ಷೇಪ ಬರೆದು ಕೊಟ್ಟು ಬಂದಿದೀನಿ.”

“ವಿಚಾರಣೆ ಯಾವಾಗಂತೆ?”

“ಎರಡು ವರ್ಷ ಆದ್ಮೇಲೆ. ಬರ್ತೀನಿ,” ಎಂದು ಮಾವ ಎದೆ ಸೆಟೆಸಿ ಎದ್ದರು. ಮಂಡಿ ಲಟಕ್ಕೆಂದಿತು. ಹಳೆಯ ಯಂತ್ರದ ಗುಡುಗಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.