ಮೂರನೆಯ ಬಿಲ್ಲು

“ಬಿಲ್ಲು ಯಾವ್ದಿದ್ರೇನು? ಕೈ ನಂದ ಅಲ್ಲೇನು? ಯಾವ ಬಿಲ್ಲು ಕೊಟ್ರೂ ಬಾರಿಸಿ ತೋರಸ್ತೀನಿ,” ಎಂದು ಡಫಳಾಪುರದ ಅಕೀಲ ಮಾಸ್ತರ ಬೆಳಿಗ್ಗೆ ಚಹಾದ ಬಶಿಯನ್ನು ನೆಲಕ್ಕೆ ಕುಕ್ಕಿ ಘೋಷಿಸಿದ.

“ಬಿಲ್ಲಿನ ಮ್ಯಾಲಿನ ಸಿಟ್ಟು ಬಶಿ ಮ್ಯಾಲ ತೀರಿಸ್ಕೋಬ್ಯಾಡ್ರಿ,” ಎಂದಳು ಹೆಂಡತಿ ಸುಲತಾನಾ.

ಸಿಟ್ಟು ಬರದೆ ಏನಾದೀತು? ಮೂರು ವರ್ಷ ಅವನು ಪಳಗಿದ್ದು ಗೆಳೆಯನ ಕಾಂಪೌಂಡ್ ಬಿಲ್ಲಿನ ಮೇಲೆ. ಅದರ ಎರಡೂ ತುದಿಗೆ ಚಕ್ರ. ಪೂರ್ತಿ ಎಳೆದ ಮೇಲೆ ಭಾರ ತಾನೇ ಇಳಿಯುತ್ತದೆ. ಆರಾಮಾಗಿ ಗುರಿ ನೋಡಿ, ಹೆದೆ ಹಿಡಿದ ಕೊಕ್ಕೆಯ ಕುದುರೆಯನ್ನು ಬಂದೂಕಿನಂತೆ ಒತ್ತಿದರಾಯಿತು. ಈಗ ಆ ಗೆಳೆಯ ಬಿಲ್ಲನ್ನು ಮಾರಿಕೊಂಡಿದ್ದ. ನಾಳೆಯೇ ಸಾಂಗ್ಲಿಯಲ್ಲಿ ಬಿಲ್ಲುಗಾರಿಕೆಯ ಜಿಲ್ಲಾ ತಂಡದ ಆಯ್ಕೆ. ಕೈಯಲ್ಲಿದ್ದದ್ದು ಬಿದಿರಿನ ಬಿಲ್ಲು. ಸಂಜೆಯ ಬಸ್ಸು ತಪ್ಪಿದರೆ ಆಯ್ಕೆಯೂ ಹೋದಂತೆ.

ಗುರಿಗೆ ಏನಿಡುವುದು? ಮನೆತನದ ಕಸುಬು ಗಾದಿ ಹೊಲಿಯುವುದು. ಅಪ್ಪ ರಾಜೇಸಾಬ ಹತ್ತಿ ತರಲು ಮಿರಜಿಗೆ ಹೋಗಿದ್ದ. ಪಡಸಾಲೆಯಲ್ಲಿದ್ದ ಹೊಸ ಕೆಂಪು ಗಾದಿಯನ್ನು ಮಾಸ್ತರ ಹಿತ್ತಲಿಗೆ ಎಳೆದು ಗೋಡೆಗೆ ಆನಿಸಿದ.

ಮೊದಲ ಬಾಣ. ಎಳೆದ. ಭಾರ ಇಳಿಯಲಿ ಎಂದು ಕಾದ. ದರಿದ್ರ ಬಿದಿರು, ಹೊತ್ತು ಹೋದಷ್ಟೂ ಭಾರವಾಯಿತು! ತೋಳು ಗಡಗಡ ನಡುಗಿತು, ಬೆರಳು ಇಲ್ಲದ ಕುದುರೆಯನ್ನು ಹುಡುಕಿತು, ಬಾಣ ಹೋಗಿ ನೀರು ತುಂಬಿದ ಹರವಿಯನ್ನು ಒಡೆಯಿತು. ಗಾದಿಯ ಬುಡದಲ್ಲೆಲ್ಲ ಕೆಸರಾಯಿತು.

ಎರಡನೆಯದು ಬಿಟ್ಟಾಗ ಹೆದೆ ಮುಂಗೈಗೆ ಚಟೀರನೆ ಬಡಿಯಿತು. ಬಿಲ್ಲಿನ ವಂಶವನ್ನೆಲ್ಲ ಬೈದು ಮೂರನೆಯದನ್ನು ಬಿಟ್ಟ. ಗಾದಿಯ ನಟ್ಟನಡುವೆ! ಗೆದ್ದ ಮದದಲ್ಲಿ ಬಾಣವನ್ನು ಹಿಡಿದು ಜಗ್ಗಿದ. ಬರಲಿಲ್ಲ. ಗಾದಿಯ ಮೇಲೆ ಕಾಲಿಟ್ಟು ಒದರುತ್ತ ಜಗ್ಗಿದ. ಅರಿವೆ ಪರ್ರೆಂದು ಹರಿದು ಹತ್ತಿಯೆಲ್ಲ ಕೆಸರಿಗೆ ಬಿತ್ತು.

ಸುಲತಾನಾ ಓಡಿ ಬಂದಳು. “ಇದು ಯಾರ ಗಾದಿ ಗೊತ್ತದ ಏನ್ರಿ? ರುಕ್ಮವ್ವಕ್ಕನ ಮಗಳ ಲಗ್ನದ್ದು. ಸಂಜಿಗೆ ಒಯ್ಯಾಕ ಬರ್ತಾಳ.”

“ಮೊದಲ ಹೇಳಾಕ ಏನಾಗಿತ್ತು ನಿನಗ?”

“ಗಾದಿ ಮ್ಯಾಲ ಮಲಗ್ತಾರ ಅಂತನೂ ಹೇಳಬೇಕಿತ್ತೇನು?”

ಅಂಗಡಿಯಲ್ಲಿ ಬೇರೆ ಹತ್ತಿ ಇತ್ತು, ಆದರೆ ಹಿಂಜದೆ ಇದ್ದದ್ದು. ಹಿಂಜುವ ಮಶೀನಿಗೆ ಕರೆಂಟು ಇರಲಿಲ್ಲ; ಲೋಡ್ ಶೆಡ್ಡಿಂಗು, ಬರುವುದು ಕತ್ತಲಾದ ಮೇಲೆ. ಮಾಸ್ತರ ಲೈಟಿನ ಕಂಬಕ್ಕೂ ಬೈದ. ಸುಲತಾನಾ ಗೋಡೆಗೆ ತೂಗಿಬಿಟ್ಟಿದ್ದ ಮಾವನ ಹಳೆಯ ಹತ್ತಿ ಹಿಂಜುವ ಬಿಲ್ಲನ್ನು ಇಳಿಸಿ, ಧೂಳು ಒರೆಸಿ ಗಂಡನ ಮುಂದೆ ಹಿಡಿದಳು.

“ಯಾವ ಬಿಲ್ಲು ಕೊಟ್ರೂ ಬಾರಸ್ತೀನಿ ಅಂದಿದ್ರಲ್ಲ. ಬಾರಸ್ರಿ.”

ಹಲ್ಲು ಕಡಿಯುತ್ತ ಮಾಸ್ತರ ಕುಂತ. ಬಾರಿಸಿದ. ಸಿಟ್ಟೆಲ್ಲ ಹೆದೆಯ ಮೇಲೆ ಬಿದ್ದು ಹತ್ತಿ ಮೋಡದಂತೆ ಅರಳಿತು. ಸುಲತಾನಾ ಹೊಸ ಅರಿವೆ ಹೊಲಿದು ತುಂಬುತ್ತ ಹೋದಳು. ಸಾಂಗ್ಲಿ ಬಸ್ಸಿನ ಹಾರ್ನು ಕೇಳಿದಾಗ ಇನ್ನೂ ಅರ್ಧ ಗಾದಿ ಬಾಕಿ ಇತ್ತು. ಅವನ ಕೈ ನಿಂತಿತು. ಬಸ್ಸು ನಿಲ್ಲಲಿಲ್ಲ.

ಅಷ್ಟರಲ್ಲಿ ರುಕ್ಮವ್ವ ಬಂದಳು. ತಲೆಯಿಂದ ಮೀಸೆಯವರೆಗೆ ಹತ್ತಿ ಹತ್ತಿಸಿಕೊಂಡ ಮಾಸ್ತರನನ್ನು ಕಂಡು ಅವಳ ಮುಖ ಅರಳಿತು.

“ಭಾಳ ಚಲೋ ಹಿಂಜೀದಿ ಮಾಸ್ತರ. ನಿಮ್ಮಪ್ಪ ಸುಮ್ಮನ ಅಳ್ತಾನ ನೋಡು, ನಮ್ಮ ಅಕೀಲಗ ಬಿಲ್ಲು ಹಿಡಿಯಾಕ ಬರಂಗಿಲ್ಲ ಅಂತ.”