ಅರ್ಧ ಗಡ್ಡದ ಪ್ರಳಯ

ಕತ್ತಿನ ಮೇಲೆ ಕತ್ತಿ ಆಡುತ್ತಿರುವಾಗ ಬಾಯಿ ಬಿಡಬಾರದು. ಇದು ನಮ್ಮ ಕತೆಗಾರನಿಗೆ ಗೊತ್ತಿರಲಿಲ್ಲವೆಂದಲ್ಲ. ಹತ್ತು ವರ್ಷ ಚಪ್ಪಲಿ ಸವೆಸಿದ ಮೇಲೆ ಮೊದಲ ಸಿನಿಮಾ ಸಿಕ್ಕಿದ್ದ ಖುಷಿಗೆ ಅವನ ನಾಲಗೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಸಂಜೆ ನಿರ್ಮಾಪಕರಿಗೆ ಕತೆ ಒಪ್ಪಿಸಬೇಕು, ಮುಖ ನೀಟಾಗಿರಲಿ ಎಂದು ಬೆಳಗ್ಗೆಯೇ ಬೀದಿ ಕೊನೆಯ ಸೆಲೂನಿಗೆ ಬಂದು ಕೂತಿದ್ದ.

ಸೆಲೂನಿನ ಯಜಮಾನ ಎಂದಿನಂತೆ ಗೋಡೆಯ ಮೇಲಿನ ಚಿತ್ರದ ಗಾಜು ಒರೆಸಿ, ನೊರೆ ಬಳಿದು, ಎಡಗೆನ್ನೆ ಮುಗಿಸುವಷ್ಟರಲ್ಲಿ ಕತೆಯೂ ರಂಗೇರಿತ್ತು.

"ಬೆಟ್ಟದಷ್ಟು ದೊಡ್ಡ ಉಲ್ಕೆ ಊರಿನ ಮೇಲೆ ಬೀಳುತ್ತೆ. ಮೊಟ್ಟಮೊದಲು ಸಾಯೋದು ಯಾರು ಗೊತ್ತಾ? ಒಬ್ಬ ಸೆಲೂನಿನೋನು!"

ಕತ್ತಿ ಗಂಟಲಿನ ಮೇಲೆ ಗಕ್ಕನೆ ನಿಂತಿತು.

"ಯಾಕೆ?"

"ಯಾಕೆ ಅಂದ್ರೆ... ಯಾರಾದ್ರೂ ಸಾಯ್ಬೇಕಲ್ಲ."

"ಅದಕ್ಕೆ ನಾವೇ ಬೇಕಾ? ಭೂಕಂಪ ಆದ್ರೆ ಅಂಗಡಿಯೋನು ಸಾಯ್ತಾನೆ, ನೀರು ನುಗ್ಗಿದ್ರೆ ವಾಚ್‌ಮನ್ ಸಾಯ್ತಾನೆ. ಊರು ಉಳಿಸೋನು ಒಂದ್ಸಲನಾದ್ರೂ ಸೆಲೂನಿನೋನು ಯಾಕಾಗಬಾರ್ದು ಸಾರ್?"

ಪ್ರಶ್ನೆ ನ್ಯಾಯವಾಗಿತ್ತು. ಕತ್ತಿ ಅದಕ್ಕಿಂತ ಹರಿತವಾಗಿತ್ತು.

"ಆಗಲಿ! ನೀವೇ ಉಳಿಸಿ!"

"ಹಾಗೇ ಬರೆದು ಬನ್ನಿ. ಉಳಿದರ್ಧ ಆಮೇಲೆ" ಎಂದು ಯಜಮಾನ ಟವಲ್ ಎಳೆದುಕೊಂಡ.

ಎಡಗಡೆಯಿಂದ ಮದುಮಗ, ಬಲಗಡೆಯಿಂದ ಕಳ್ಳ. ಹೀಗೆ ಮನೆ ಸೇರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಮನೆ ಸೇರಿತ್ತು. ಮೆಟ್ಟಿಲಲ್ಲಿ ಮನೆ ಓನರಮ್ಮ ಅಡ್ಡ ನಿಂತಿದ್ದರು. ಅವರು ಅಡ್ಡ ನಿಂತರೆ ಗಾಳಿಯೂ ಕೇಳಿಕೊಂಡೇ ದಾಟಬೇಕು.

"ಏನಪ್ಪಾ, ನಿನ್ ಕತೇಲಿ ದಪ್ಪಗಿರೋ ಹೆಂಗಸು ಇದಾಳೋ?"

"ಇ... ಇದಾಳೆ."

"ಮೆಟ್ಟಿಲು ಹತ್ತಲಾರದೆ ಸಾಯ್ತಾಳೋ?"

ಕತೆಗಾರ ಏದುಸಿರು ಬಿಡುತ್ತಾ ನೆಲ ನೋಡಿದ.

"ನೋಡು, ಹತ್ತಲಾರದೆ ನಿಂತಿರೋನು ನೀನು. ನೀರಿನ ವಾಲ್ವು ಯಾರ ಕೈಲಿದೆ ಅನ್ನೋದು ನೆನಪಿರ್ಲಿ."

ದಪ್ಪ ಹೆಂಗಸು ಬದುಕಿದಳು. ಅವನು ಪೆನ್ನು ಕೆಳಗಿಡುವುದರೊಳಗೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕನ್ನಡಕ ಒರೆಸುತ್ತಾ ಒಳಗೆ ಬಂದರು.

"ಸಿನಿಮಾದಲ್ಲಿ ಕನ್ನಡಕದೋರಿಗೆ ಎರಡೇ ಕೆಲಸ ಕಣಯ್ಯ. ಪ್ರಳಯ ಬರುತ್ತೆ ಅಂತ ಹೇಳೋದು, ಯಾರೂ ನಂಬದೆ ಸಾಯೋದು. ಒಂದ್ಸಲ ನಂಬಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಕತೆಯಲ್ಲಿ ಊರೇ ನಂಬಿತು. ಆಗ ಅಡುಗೆಮನೆಯಿಂದ ಅತ್ತೆಯ ದನಿ ತೇಲಿ ಬಂತು.

"ಅಳಿಯಂದ್ರೇ, ಕತೇಲಿ ಅತ್ತೆ ಇದಾಳಾ?"

"ಇದಾಳೆ ಅತ್ತೆ."

"ಅವಳ ಮೇಲೆ ಕಲ್ಲು ಬಿದ್ದಾಗ ಜನ ಚಪ್ಪಾಳೆ ತಟ್ತಾರಾ?"

ಅತ್ತೆ ಸೌಟನ್ನು ಠಣ್ಣೆಂದು ಕೆಳಗಿಟ್ಟರು. ಆ ಮನೆಯಲ್ಲಿ ಸೌಟು ಕೆಳಗಿಳಿದರೆ ಊಟದ ತಟ್ಟೆ ಕೆಳಗಿಳಿಯುವುದಿಲ್ಲ. ಕತೆಯ ಅತ್ತೆಯೂ ಬದುಕಿದಳು, ಉಲ್ಕೆಯನ್ನು ಬೈದು ಒಂದು ಮಾರು ಪಕ್ಕಕ್ಕೆ ಸರಿಸಿದಳು ಕೂಡ.

ಮಧ್ಯಾಹ್ನದ ಹೊತ್ತಿಗೆ ಬೀದಿಯೇ ಬಾಗಿಲಲ್ಲಿತ್ತು. ಬೋಳುತಲೆಯ ಪೋಸ್ಟ್‌ಮ್ಯಾನ್, ಕುಳ್ಳಗಿನ ಎಲೆಕ್ಟ್ರಿಷಿಯನ್, ಊರುಗೋಲಿನ ತಾತ, ಎಲ್ಲರದೂ ಒಂದೇ ಮಾತು: "ನಮ್ಮಂಥೋರೂ ಒಂದ್ಸಲ ಬದುಕ್ಲಿ." ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಅದೇ ತೊಂದರೆ. ಎಲ್ಲರೂ ಬದುಕಿದರು.

ಸಂಜೆ ನಿರ್ಮಾಪಕರು ಕತೆ ಓದಿ, ಅವನ ಅರ್ಧ ಗಡ್ಡವನ್ನೊಮ್ಮೆ ನೋಡಿ, ತಲೆಯ ಮೇಲೆ ಕೈ ಹೊತ್ತರು.

"ಅಷ್ಟು ದೊಡ್ಡ ಕಲ್ಲು ಬಿದ್ರೂ ಒಂದು ಕೋಳಿನೂ ಸಾಯಲ್ವೇನ್ರೀ? ಇದು ಪ್ರಳಯಾನಾ, ಪಿಕ್ನಿಕ್ಕಾ? ಈಗಲೇ ಒಬ್ಬನನ್ನ ಸಾಯಿಸಿ. ಇಲ್ಲಾಂದ್ರೆ ಬೇರೆ ಕತೆಗಾರನ್ನ ಕರೀತೀನಿ."

ಹತ್ತು ವರ್ಷದ ಚಪ್ಪಲಿಗಳೆಲ್ಲ ಕಣ್ಣ ಮುಂದೆ ಬಂದವು. ಯಾರನ್ನು ಸಾಯಿಸಿದರೆ ಬೀದಿಯಲ್ಲಿ ಯಾರೂ ಕೇಳುವುದಿಲ್ಲ? ತಟ್ಟನೆ ಹೊಳೆಯಿತು. ಆರಡಿ ಎತ್ತರ, ತಲೆತುಂಬ ಕೂದಲು, ಸಾಲಾಗಿ ಹಲ್ಲು. ಅಂಥವನೊಬ್ಬನೂ ತಮ್ಮ ಬೀದಿಯಲ್ಲಿಲ್ಲ!

"ಹೀರೋ ಸಾಯ್ಲಿ ಸಾರ್. ಅವನೊಬ್ಬನೇ."

ನಿರ್ಮಾಪಕರು ಆ ಕ್ಷಣವೇ ದೊಡ್ಡ ನಟನಿಗೆ ಫೋನು ಹಚ್ಚಿದರು. ಸಾಯುವ ದೃಶ್ಯಕ್ಕೆ ಪ್ರಶಸ್ತಿ ಖಾತ್ರಿ ಎಂದು ನಟ ಕುಣಿದಾಡಿಬಿಟ್ಟ. "ಮುಗೀತು. ಇನ್ನು ಒಂದಕ್ಷರ ಬದಲಾಯಿಸಿದ್ರೂ ನೀವು ಔಟ್" ಎಂದು ನಿರ್ಮಾಪಕರು ಕೈ ಕುಲುಕಿದರು.

ಕತೆಗಾರ ಗಾಳಿಯಲ್ಲಿ ತೇಲುತ್ತಾ ಸೆಲೂನಿಗೆ ಬಂದ.

"ಬದುಕಿದೀನಾ ಸಾರ್?"

"ಬದುಕೋದೇನು, ಊರು ಉಳಿಸೋದೇ ನೀವು!"

ಯಜಮಾನನ ಕಣ್ಣು ತುಂಬಿ ಬಂತು. ಬಲಗೆನ್ನೆಗೆ ಪ್ರೀತಿಯಿಂದ ನೊರೆ ಬಳಿದ, ಕತ್ತಿ ಮಸೆದ, ಗದ್ದ ಎತ್ತಿ ಹಿಡಿದ.

"ಸಿನಿಮಾ ಬಂದ ದಿನ ಅಂಗಡಿ ಬಾಗಿಲು ಹಾಕಿ, ನಮ್ಮ ಸಂಘದೋರೆಲ್ಲಾ ಬರ್ತೀವಿ."

"ಯಾವ ಸಂಘ?"

"ಅಯ್ಯೋ, ದಿನಾ ನೋಡ್ತೀರಲ್ಲ ಸಾರ್!"

ಗದ್ದ ಮೇಲಿದ್ದುದರಿಂದ ಕಣ್ಣೂ ಮೇಲೆ ಹೋಯಿತು. ಗೋಡೆಯ ಮೇಲೆ, ಬೆಳಗ್ಗೆ ಒರೆಸಿದ ಗಾಜಿನ ಹಿಂದೆ, ಅದೇ ಆರಡಿ ಎತ್ತರದ ದೊಡ್ಡ ನಟ ಸಾಲು ಹಲ್ಲು ತೋರಿಸಿ ನಗುತ್ತಿದ್ದ. ಅವನ ಕಾಲ ಬಳಿ ಯಜಮಾನನದೇ ಪುಟ್ಟ ಚಿತ್ರ, ಕೆಳಗೆ ಬರಹ: ಅಭಿಮಾನಿಗಳ ಸಂಘದ ಅಧ್ಯಕ್ಷರು.

"ನಮ್ಮಣ್ಣನಿಗೆ ಒಂದು ಗೀರು ಬಿದ್ರೂ ನಾನು ಸುಮ್ನಿರೋನಲ್ಲ" ಎಂದು ಯಜಮಾನ ಕತ್ತಿಯನ್ನು ಗಂಟಲಿಗೆ ತಂದ. "ಅದಿರ್ಲಿ, ಎಲ್ಲಾರೂ ಬದುಕಿದ್ರೆ ಸಾಯೋದು ಯಾರು ಸಾರ್?"

"ಕತೆಗಾರ" ಎಂದ ಅವನು, ಉಗುಳು ನುಂಗಲೂ ಹೆದರುತ್ತಾ.

ಅದು ಸುಳ್ಳೇನೂ ಆಗಿರಲಿಲ್ಲ.