ಗಂಧದ ಮರಕ್ಕೂ ಗೋತ್ರ!

ನನ್ನ ಸೋದರಮಾವ ಮರಗಳಿಗೆ ಗೋತ್ರ ಕೇಳುತ್ತಿದ್ದರು. ಹೌದು, ಮನುಷ್ಯರಿಗಲ್ಲ, ಮರಗಳಿಗೆ! ಉತ್ಪ್ರೇಕ್ಷೆ ನನಗೆ ಒಗ್ಗದು; ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಮಾವ ಸಸ್ಯಶಾಸ್ತ್ರದ ಮೇಷ್ಟ್ರು, ಮನೆ ಜಯಲಕ್ಷ್ಮಿಪುರಂ. ಮದುವೆ ಊಟಕ್ಕೆ ಕೂತರೆ ಗಂಡುಹೆಣ್ಣಿನ ಸುದ್ದಿ ಅವರಿಗೆ ಬೇಡ. ಕಿಟಕಿಯಾಚೆಯ ಹೊಂಗೆಮರ ತೋರಿಸಿ, "ಇದರ ಅಪ್ಪ ಯಾರಿರಬಹುದು ಸ್ವಾಮಿ?" ಎಂದು ಪಕ್ಕದವರನ್ನು ಕೇಳುವರು. ಪಕ್ಕದವರು ಪಾಯಸ ಬಿಟ್ಟು ಎದ್ದದ್ದನ್ನು ನಾನು ಎರಡು ಸಲ ನೋಡಿದ್ದೇನೆ.

ತೊಂಬತ್ತರ ದಶಕದ ಕೊನೆ. ಊರಾಚೆ, ಸ್ಕೂಟರಿನಲ್ಲಿ ಒಂದು ಗಂಟೆ ದೂರದಲ್ಲಿ ಒಂದು ಕುರುಚಲು ಗುಡ್ಡ. ಅಲ್ಲಿ ತಾವಾಗಿ ಬೆಳೆದ ಗಂಧದ ಮರಗಳು. ಪೂರ್ವದ ಇಳಿಜಾರಿನಲ್ಲಿ ಒತ್ತಾಗಿ, ಸೊಂಪಾಗಿ ಅರವತ್ತು. ಪಶ್ಚಿಮದ ಬಂಡೆಗಳ ನಡುವೆ ಸೊಟ್ಟಗೆ, ಬಡಕಲಾಗಿ ಒಂಬತ್ತು. ಅರಣ್ಯ ಇಲಾಖೆಯ ಸಾಹೇಬರ ಬಳಿ ಇದ್ದ ತಂತಿಬೇಲಿ ಒಂದು ಕಡೆಗಷ್ಟೇ ಸಾಕಾಗುತ್ತಿತ್ತು. ಬೇಲಿಯಿಲ್ಲದ ಕಡೆ ಕಳ್ಳರು ಬಿಟ್ಟದ್ದನ್ನು ದನ ಮುಗಿಸುತ್ತವೆ. ಯಾವ ಕಡೆಗೆ ಹಾಕಬೇಕು? ಎಳೆಮಗುವೂ ಹೇಳೀತು, ಅರವತ್ತಕ್ಕೆ! ಮಾವ ಮಾತ್ರ ಒಂಬತ್ತಕ್ಕೆ ಎಂದರು.

"ಆ ಅರವತ್ತೂ ಒಂದೇ ತಾಯಿಬೇರಿಂದ ಎದ್ದ ಚಿಗುರು ಕಣೋ. ನೋಡೋಕೆ ತೋಪು, ಒಳಗೆ ಒಂದೇ ಮರ. ಅದಕ್ಕೇ ಮೈತುಂಬ ಹೂ ಬಿಡುತ್ತೆ, ಕಾಯಿ ಕಚ್ಚಲ್ಲ. ಸಗೋತ್ರ!" ಎಂದು ನನಗೆ ಬಿಡಿಸಿ ಹೇಳಿ, ಸಾಹೇಬರ ಮುಂದೆಯೂ ಅದನ್ನೇ ಇಟ್ಟರು.

"ಹದಿನೈದು ದಿನದಲ್ಲಿ ಸಾಬೀತು ಮಾಡಿ ಮೇಷ್ಟ್ರೇ," ಎಂದರು ಸಾಹೇಬರು, "ಆಮೇಲೆ ಕಂಬ ನೆಟ್ಟುಬಿಡ್ತೀವಿ."

ಮಾವನೂ ನಾನೂ ಹೋಗಿ ಪೂರ್ವದ ಹನ್ನೆರಡು ಮರ, ಪಶ್ಚಿಮದ ಒಂಬತ್ತೂ ಮರಗಳಿಂದ ಎಲೆ ಕಿತ್ತು ಇಪ್ಪತ್ತೊಂದು ಪೊಟ್ಟಣ ಕಟ್ಟಿದೆವು. ಎಲೆಗಳ ಡಿಎನ್‌ಎ ಪರೀಕ್ಷೆ ಆಗಬೇಕಿದ್ದ ಪ್ರಯೋಗಾಲಯಕ್ಕೆ ಹಬ್ಬದ ರಜೆ. ಪೊಟ್ಟಣಗಳು ಮಾವನ ಮನೆಯ ಫ್ರಿಜ್ಜಿನಲ್ಲಿ ತೆಂಗಿನಕಾಯಿ ಚಿಪ್ಪಿನ ಪಕ್ಕ ಕೂತವು. ಯಾವ ಹಬ್ಬ? ಗಣಪತಿ ಹಬ್ಬ! ಗಣಪತಿಗೆ ಎಷ್ಟು ಬಗೆಯ ಪತ್ರೆ ಏರಿಸಬೇಕು? ನಿಮಗೆ ಗೊತ್ತು, ನಮ್ಮತ್ತೆಗೂ ಗೊತ್ತಿತ್ತು.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮಂಗಳಾರತಿ ಆಗಿತ್ತು. ಗಣಪತಿಯ ಪಾದದ ಮೇಲೆ ಅರಿಸಿನ, ಕುಂಕುಮ, ಪಂಚಾಮೃತದಲ್ಲಿ ನೆಂದ ಎಲೆರಾಶಿ. ಮಾವ ಕಂಬ ಹಿಡಿದು ನಿಂತಿದ್ದರು.

"ಇಪ್ಪತ್ತೊಂದೂ ಗಂಧದ್ದೇ ಕಣೇ!"

"ಎಣಿಸಿ ಪೊಟ್ಟಣ ಕಟ್ಟಿಟ್ಟಿದ್ರಲ್ಲ! ಮದುವೆ ಆದ್ಮೇಲೆ ಮೊದಲನೇ ಸಲ ಇವ್ರು ಹಬ್ಬ ನೆನಪಿಟ್ಕೊಂಡ್ರು ಅಂತ ಕಣ್ಣಲ್ಲಿ ನೀರು ಬಂದ್ಬುಡ್ತು ಕಣ್ರೀ," ಎಂದರು ಅತ್ತೆ.

ಅದೇ ಇಪ್ಪತ್ತೊಂದು ಮರಗಳ ಎಲೆಗೆ ಮತ್ತೆ ಗುಡ್ಡಕ್ಕೆ ಹೋದೆವು. ಈ ಸಲ ನಾವು ಕತ್ತರಿ ಹಿಡಿದು ಗಂಧದ ಮರ ತಬ್ಬಿ ನಿಂತದ್ದನ್ನು ಹೊಸ ಕಾವಲುಗಾರ ಕಂಡ. ಕೋಲು ಎತ್ತಿದ. ನಾನು ಕತ್ತರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

"ಏನ್ ಕದೀತಿದ್ದೀರಿ?"

"ಎಲೆ," ಎಂದರು ಮಾವ. "ಇವುಗಳಲ್ಲಿ ಯಾರು ಯಾರಿಗೆ ಸಂಬಂಧ ಅಂತ ನೋಡ್ಬೇಕಿತ್ತು."

ಅವನು ನನ್ನ ಕಡೆ ತಿರುಗಿ, "ಮೊದ್ಲೇ ಏಳಬಾರ್ದಾ ಸೋಮಿ? ಎಷ್ಟು ದಿನದಿಂದ ಇಂಗೆ ಇವ್ರಿಗೆ?" ಎಂದು ಮರುಗಿ, ಮಾವನಿಗೆ ಕುಡಿಯಲು ನೀರು ಕೊಟ್ಟ!

ಗಡುವಿನ ಕೊನೆಯ ದಿನ ಸಾಹೇಬರೇ ಮನೆಗೆ ಬಂದರು. ಮಾವ ಪ್ರಯೋಗಾಲಯದಲ್ಲಿ ತೆಗೆದ ಫೋಟೊ ಮುಂದಿಟ್ಟರು. ಒಂದೊಂದು ಎಲೆಯ ವಂಶದ ಗುಟ್ಟೂ ಅದರಲ್ಲಿ ಅಡ್ಡಗೆರೆಗಳ ಸಾಲಾಗಿ ಮೂಡಿತ್ತು. ಸಾಹೇಬರು ಅದನ್ನು ತಲೆಕೆಳಗಾಗಿ ಹಿಡಿದು ನಾಲ್ಕು ನಿಮಿಷ ನೋಡಿದರು. ಮಾವ ಅರ್ಧ ಗಂಟೆ ವಿವರಿಸಿದರು. ಸಾಹೇಬರು ಗಡಿಯಾರ ನೋಡಿದರು. ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಕಾಫಿ ತಂದ ಅತ್ತೆ ಬಾಯಿ ಹಾಕಿದರು.

"ನಾನು ಇಪ್ಪತ್ತೊಂದು ಪೊಟ್ಟಣ ಏರಿಸಿ ಪೂಜೆ ಮಾಡಿದ್ದೆ ಸಾರ್. ಈ ಫೋಟೊ ಪ್ರಕಾರ ಗಣಪತಿಗೆ ಸಂದಿದ್ದು ಹತ್ತೇ. ಬಂಡೆ ಕಡೆ ಒಂಬತ್ತು ಪೊಟ್ಟಣಕ್ಕೆ ಒಂಬತ್ತು ಮರ. ತೋಪಿನ ಕಡೆ ಹನ್ನೆರಡು ಪೊಟ್ಟಣಕ್ಕೂ ಸೇರಿ ಒಂದೇ ಒಂದು!"

ಸಾಹೇಬರ ಲೋಟ ತುಟಿಯ ಬಳಿಯೇ ನಿಂತಿತು. "ಅಂದ್ರೆ ನಾನು ಬೇಲಿ ಹಾಕೋಕೆ ಹೊರಟಿದ್ದು ಒಂದು ಮರಕ್ಕಾ ಮೇಡಂ?"

"ಒಂದಕ್ಕೇ! ಅದಕ್ಕೊಂದು ರೋಗ ತಗುಲಿದ್ರೆ ಅರವತ್ತೂ ಗೋತಾ. ಬಂಡೆ ಕಡೆ ಒಂಬತ್ತರಲ್ಲಿ ಒಂದಾದ್ರೂ ತಡ್ಕೊಳ್ಳುತ್ತೆ."

ಮರುವಾರ ಕಲ್ಲುಕಂಬಗಳು ಪಶ್ಚಿಮಕ್ಕೆ ಏರಿದವು. ಗೆದ್ದೆವು! ಕೊನೆಯ ತಂತಿ ಬಿಗಿದಾಗ ಮಾವ ಎರಡೂ ಕೈ ಎತ್ತಿ ಕುಣಿದರು. ಕಾವಲುಗಾರ ಮತ್ತೆ ನೀರು ತಂದ.

ಅಲ್ಲಿಗೆ ಮುಗಿಯಬೇಕಿತ್ತು. ಇಳಿಯುವಾಗ ಮಾವ ಪೂರ್ವದ ತೋಪಿನ ಮುಂದೆ ನಿಂತರು. "ಅರವತ್ತು ಕಡೆ ನಿಂತಿದ್ದಾಳೆ, ಜೊತೆಗೆ ಮಾತ್ರ ಒಬ್ರೂ ಇಲ್ಲ," ಎಂದರು. ಒಂಬತ್ತು ಮರಗಳ ಬೀಜ ತಂದು ಹಿತ್ತಲಲ್ಲಿ ಹಾಲಿನ ಕವರಿನಲ್ಲಿ, ಗಂಧದ ಬೇರು ಅಂಟಿಕೊಂಡು ಉಣ್ಣಲು ಒಂದೊಂದು ತೊಗರಿ ಗಿಡದ ಸಮೇತ ಸಸಿ ಮಾಡಿದರು. ಸಾಹೇಬರ ಅಪ್ಪಣೆ ಪಡೆದು ತೋಪಿನ ನಡುವೆ ನೆಟ್ಟು ಮುಳ್ಳು ಹೊದಿಸಿದೆವು.

ಐದು ವರ್ಷ ಕಳೆದವು. ಅರವತ್ತರಲ್ಲಿ ಹದಿನಾಲ್ಕು ಕಳ್ಳರ ಪಾಲಾದವು. ನಮ್ಮ ಸಸಿಗಳಲ್ಲಿ ಉಳಿದ ಏಳು ಹೂ ಬಿಟ್ಟವು. ಅದರ ಮುಂದಿನ ಸಲ ಹೋದಾಗ ತೋಪಿನ ಹಳೆಯ ಕೊಂಬೆಯೊಂದರಲ್ಲಿ ಕಪ್ಪಗೆ, ಬಟಾಣಿ ಗಾತ್ರದ ಹಣ್ಣು ಕಂಡಿತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಕೊಂಬೆಯ ತುಂಬ.

"ಮಾವ!" ಎಂದು ಕೂಗಿಕೊಂಡೆ.

ಮಾವ ತಟ್ಟನೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು.

"ಮೆಲ್ಲಗೆ ಕಣೋ," ಎಂದರು, "ಬಾಣಂತಿ ಇದ್ದಾಳೆ."

ಇಬ್ಬರೂ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ತರಗೆಲೆ ಸದ್ದಾಗದಂತೆ ಗುಡ್ಡ ಇಳಿದೆವು.